ಶೋ ದಿನ ಬರುತ್ತೆ ಸಾರ್

ವಿದ್ಯಾರ್ಥಿ ನಾಟಕಗಳಲ್ಲಿ ನಾಟಕಕಾರ ಬರೆಯದಿದ್ದರೂ ತಾಲೀಮಿನಲ್ಲಿ ದಿನಕ್ಕೆ ಹತ್ತು ಸಲ ಕೇಳಿಬರುವ ಡೈಲಾಗೊಂದಿದೆ: ‘ಅದು ಶೋ ದಿನ ಬರುತ್ತೆ ಸಾರ್.’ ಬಾಗಿಲೆಲ್ಲಿ? ಶೋ ದಿನ ಬರುತ್ತೆ. ಕತ್ತಿ? ಶೋ ದಿನ. ಹಿಂದಿನ ಸಾಲಿಗೆ ಮುಟ್ಟುವ ದನಿ? ಅದೂ ಅವತ್ತೇ. ಬರುವುದೇನೋ ನಿಜ. ಎಲ್ಲ ಒಟ್ಟಿಗೇ ಬಂದುಬಿಡುತ್ತವೆ ಎನ್ನುವುದೊಂದೇ ತಕರಾರು.

ಒಂದು ನಿಮಿಷದ ನಾಟಕಕ್ಕೆ ಒಂದು ಗಂಟೆ ತಾಲೀಮು ಎಂದು ಹವ್ಯಾಸಿಗಳ ನಡುವೆ ಒಂದು ಅಂದಾಜು ಓಡಾಡುತ್ತದೆ. ಒಂದು ಗಂಟೆಯ ನಾಟಕಕ್ಕೆ 60 ಗಂಟೆ, ದಿನಕ್ಕೆ 2 ಗಂಟೆಯಂತೆ 30 ದಿನ. ಇದರಲ್ಲಿ ದಿನಾ ಅರ್ಧ ಗಂಟೆ ಬಾರದವರಿಗೆ ಕಾಯುವುದರಲ್ಲಿ, ಹತ್ತು ನಿಮಿಷ ‘ನಾಳೆ ಎಷ್ಟು ಗಂಟೆಗೆ?’ ಎಂಬ ಚರ್ಚೆಯಲ್ಲಿ ಸೋರುತ್ತದೆ. ತಿಂಗಳಿಗೆ 20 ಗಂಟೆ ಹೋಯಿತು. ಬಾರದವನ ಜಾಗದಲ್ಲಿ ಪ್ರಾಕ್ಸಿ ನಿಲ್ಲುತ್ತಾನೆ. ಪಾತ್ರಧಾರಿಗಿಂತ ಮೊದಲು ಮಾತು ಬಾಯಿಗೆ ಬರುವುದು ಅವನಿಗೇ.

ಮೊದಲ ವಾರದ ಗೊಂದಲವೆಲ್ಲ ಎಡ-ಬಲದ್ದು. ರಂಗದ ಮೇಲೆ ಬಲ ಎಂದರೆ ಪ್ರೇಕ್ಷಕರತ್ತ ಮುಖ ಮಾಡಿ ನಿಂತ ನಟನ ಬಲ. ಎದುರಿಗೆ ಕೂತ ನಿರ್ದೇಶಕರು ‘ಬಲಕ್ಕೆ ಹೋಗು’ ಎನ್ನುತ್ತ ತಮ್ಮ ಬಲಗೈ ಬೀಸುತ್ತಾರೆ. ಅರ್ಧ ಜನ ಮಾತನ್ನು ನಂಬುತ್ತಾರೆ, ಅರ್ಧ ಜನ ಕೈಯನ್ನು. ನಟ್ಟ ನಡುವೆ ಡಿಕ್ಕಿ. ಬ್ಲಾಕಿಂಗನ್ನು, ಅಂದರೆ ಯಾರು ಯಾವಾಗ ಎಲ್ಲಿ ನಿಲ್ಲಬೇಕು, ಎತ್ತ ನಡೆಯಬೇಕು ಎಂಬುದನ್ನು, ನಾಟಕದ ಪ್ರತಿಯಲ್ಲಿ ಪೆನ್ಸಿಲ್ಲಿನಲ್ಲೇ ಬರೆದುಕೊಳ್ಳಬೇಕು ಎನ್ನುವುದೂ ಇದಕ್ಕೇ. ಪೆನ್ನಿನಲ್ಲಿ ಬರೆದವನ ಪುಟ ಹದಿನೈದು ದಿನದಲ್ಲಿ ಇರುವೆ ಗೂಡಾಗಿರುತ್ತದೆ.

ನಾಟಕದ ಪ್ರತಿಯನ್ನು ಕೆಳಗಿಡುವ ದಿನ ಇನ್ನೊಂದು ಪತ್ತೆಯಾಗುತ್ತದೆ: ನಟನಿಗೆ ಎರಡು ಕೈಗಳಿವೆ. ಅಲ್ಲಿಯವರೆಗೆ ಒಂದು ಕೈ ಹಾಳೆ ಹಿಡಿದಿತ್ತು, ಇನ್ನೊಂದು ಸಾಲಿನ ಮೇಲೆ ಬೆರಳಾಡಿಸುತ್ತಿತ್ತು. ಈಗ ಎರಡಕ್ಕೂ ಉದ್ಯೋಗವಿಲ್ಲ. ರಾಜನ ಪಾತ್ರಧಾರಿ ಕೈಗಳನ್ನು ಪ್ಯಾಂಟಿನ ಜೇಬಿಗಿಳಿಸುತ್ತಾನೆ. ಶೋ ದಿನ ತೊಡುವ ಪೋಷಾಕಿಗೆ ಜೇಬಿರುವುದಿಲ್ಲ.

ಇದೆಲ್ಲ ಸಣ್ಣಪುಟ್ಟದ್ದು. ನಿಜವಾದ ಗಂಡಾಂತರ ಇರುವುದು ಕ್ಯೂನಲ್ಲಿ, ಅಂದರೆ ‘ಇನ್ನು ನಿನ್ನ ಸರದಿ’ ಎಂದು ಸೂಚಿಸುವ ಎದುರಿನವನ ಕೊನೆಯ ಮಾತಿನಲ್ಲಿ. ವಿದ್ಯಾರ್ಥಿ ನಟ ಎದುರಿನವನ ಮಾತನ್ನು ಪೂರ್ತಿ ಕೇಳಿಸಿಕೊಳ್ಳುವುದಿಲ್ಲ. ಕೊನೆಯ ಮೂರು ಪದಕ್ಕೆ ಹೊಂಚುಹಾಕಿ ಕೂತಿರುತ್ತಾನೆ. ಮೊದಲ ದೃಶ್ಯದಲ್ಲಿ ಅಪ್ಪ ‘ಈಗೇನು ಮಾಡೋಣ ಅಂತೀಯ?’ ಎಂದು ಕೇಳುತ್ತಾನೆ, ಮಗ ‘ಕಾಯೋಣ’ ಅನ್ನಬೇಕು. ನಾಲ್ಕನೇ ದೃಶ್ಯದಲ್ಲೂ ಅದೇ ಪ್ರಶ್ನೆ. ಉತ್ತರ ಮಾತ್ರ ‘ಊರು ಬಿಡೋಣ’. ಮಗ ಮೊದಲ ದೃಶ್ಯದಲ್ಲೇ ‘ಊರು ಬಿಡೋಣ’ ಎಂದುಬಿಟ್ಟರೆ 22 ಪುಟ ಒಂದೇ ನೆಗೆತಕ್ಕೆ ದಾಟಿಹೋಯಿತು. ಅಪ್ಪನೂ ಕ್ಯೂಗೆ ನಿಷ್ಠನಾಗಿ ನಾಲ್ಕನೇ ದೃಶ್ಯವನ್ನೇ ಮುಂದುವರಿಸುತ್ತಾನೆ. ಎರಡನೇ ದೃಶ್ಯದಲ್ಲಿ ಪ್ರವೇಶಿಸಿ ಮೂರನೆಯದರಲ್ಲಿ ಸಾಯಬೇಕಾದ ಅತ್ತೆ ಬಣ್ಣ ಹಚ್ಚಿಕೊಂಡು ವೇದಿಕೆಯ ಪಕ್ಕದ ಮರೆಯಲ್ಲಿ, ವಿಂಗಿನಲ್ಲಿ, ನಿಂತೇ ಇದ್ದಾಳೆ. ಇತ್ತ ವೇದಿಕೆಯ ಮೇಲೆ ಅವಳಿಗಾಗಿ ಅಳು ಶುರುವಾಗಿದೆ. ಉಲ್ಟಾ ಆದರೆ ಇನ್ನೂ ಕಷ್ಟ. ನಾಲ್ಕರಲ್ಲಿ ‘ಕಾಯೋಣ’ ಎಂದರೆ ನಾಟಕ ಗಾಣದೆತ್ತಿನ ಹಾಗೆ ಮತ್ತೆ ಮೊದಲಿಗೇ ಬಂದು ನಿಲ್ಲುತ್ತದೆ. ಮದ್ದು ಸುಲಭ: ವಾಚನದ ಹಂತದಲ್ಲೇ ಇಂಥ ಅವಳಿ ಸಾಲುಗಳನ್ನು ಹುಡುಕಿ ಕೆಂಪು ಗೆರೆ ಎಳೆಯಬೇಕು, ಒಂದನ್ನು ಕೂತು, ಇನ್ನೊಂದನ್ನು ಕಿಟಕಿಯ ಬಳಿ ನಿಂತು ಆಡುವಂತೆ ಬ್ಲಾಕಿಂಗ್ ಮಾಡಬೇಕು. ನಾಲಿಗೆ ಮರೆತರೂ ಕಾಲು ನೆನಪಿಟ್ಟುಕೊಂಡಿರುತ್ತದೆ.

ಮರೆತ ಸಾಲನ್ನು ಮರೆಯಿಂದ ಹೇಳಿಕೊಡುವ ಪ್ರಾಂಪ್ಟರ್ ಇಲ್ಲವೇ ಎಂದು ಕೇಳಬಹುದು. ಇದ್ದಾನೆ, ನಾಟಕ ನೋಡುತ್ತಿದ್ದಾನೆ. ಮೌನಗಳನ್ನು ಪ್ರತಿಯಲ್ಲಿ ಗುರುತು ಹಾಕಿಕೊಳ್ಳದ ಪ್ರಾಂಪ್ಟರಿನದು ಬೇರೆ ಬಗೆ. ನಾಯಕಿ ಪತ್ರ ಓದಿ ಭಾವತುಂಬಿ ಸುಮ್ಮನೆ ನಿಂತರೆ, ‘ಅಯ್ಯೋ, ಮರೆತಳು’ ಎಂದು ವಿಂಗಿನಿಂದ ಮುಂದಿನ ಸಾಲು ಊದುತ್ತಾನೆ. ಅದು ನಾಯಕಿಯೊಬ್ಬಳನ್ನು ಬಿಟ್ಟು ಇಡೀ ಸಭಾಂಗಣಕ್ಕೆ ಕೇಳಿಸುತ್ತದೆ.

ಈಗ ಬಾಗಿಲು. ಒಂದು ತಿಂಗಳು ಅದು ಎರಡು ಕುರ್ಚಿಗಳ ನಡುವಿನ ಖಾಲಿ ಜಾಗವಾಗಿತ್ತು. ಎಲ್ಲರೂ ಸಲೀಸಾಗಿ ಒಳಗೆ ಬಂದರು. ನಿಜವಾದದ್ದು ಬಂದಾಗ ಕೀಲು ತಪ್ಪು ಬದಿಯಲ್ಲಿರುತ್ತದೆ. ರಂಗದ ಬಾಗಿಲು ನೇಪಥ್ಯದ ಕಡೆಗೆ ತೆರೆದುಕೊಳ್ಳಬೇಕು, ಕೀಲು ಹಿಂಬದಿಯ ಅಂಚಿಗಿರಬೇಕು. ಆಗ ಬಂದವನು ಕಾಣುತ್ತಾನೆ. ಒಳಮುಖವಾಗಿ, ಪ್ರೇಕ್ಷಕರ ಕಡೆ ಕೀಲಿಟ್ಟರೆ ನಾಯಕನ ಭರ್ಜರಿ ಎಂಟ್ರಿಯಲ್ಲಿ ಕಾಣಿಸುವುದು ಹಲಗೆ ಮಾತ್ರ. ಅದಿರಲಿ, ಜಗಳದ ದೃಶ್ಯದಲ್ಲಿ ದಢಾರನೆ ಬಾಗಿಲು ಹಾಕಬೇಕು ತಾನೆ? ಚೌಕಟ್ಟಿಗೆ ಹಿಂದಿನಿಂದ ಓರೆಯಾಗಿ ಆಸರೆಕೋಲು ಕೊಟ್ಟು, ಅದರ ಬುಡಕ್ಕೆ ಮರಳಿನ ಚೀಲ ಹೇರದಿದ್ದರೆ ಬಟ್ಟೆಯ ಗೋಡೆ ಮೇಲಿನಿಂದ ಕೆಳಗಿನವರೆಗೆ ನಡುಗುತ್ತದೆ, ಗೋಡೆಯ ಮೇಲಿನ ತಾತನ ಫೋಟೋ ತಲೆಯಾಡಿಸುತ್ತದೆ.

ಮೀಸೆಯ ವಿಷಯದಲ್ಲಿ ಅವಸರವೇ ಶತ್ರು. ಎಣ್ಣೆ, ಬಣ್ಣ ಯಾವುದೂ ಇಲ್ಲದ ಒಣ ಚರ್ಮಕ್ಕೆ ಸ್ಪಿರಿಟ್ ಗಮ್ ಎಂಬ ಮೇಕಪ್ಪಿನ ಅಂಟನ್ನು ತೆಳ್ಳಗೆ ಸವರಿ, ಬೆರಳಿಂದ ತಟ್ಟುತ್ತ ಅಂಟಂಟಾಗುವವರೆಗೆ ಕಾಯಬೇಕು. ಆಮೇಲೆ ಮೀಸೆ ಇಟ್ಟು ಒದ್ದೆ ಬಟ್ಟೆಯಿಂದ ಒತ್ತಬೇಕು. ನಮ್ಮ ಹುಡುಗರು ಬಣ್ಣದ ಮೇಲೆಯೇ ಧಾರಾಳವಾಗಿ ಗಮ್ ಸುರಿದು ತಕ್ಷಣ ಮೆತ್ತುತ್ತಾರೆ. ಮೇಲ್ದುಟಿ ಬೆವರುವ ಜಾಗ, ಮಾತಿಗೊಮ್ಮೆ ಅಲುಗುವ ಜಾಗ. ಎರಡನೇ ದೃಶ್ಯದ ಹೊತ್ತಿಗೆ ಒಂದು ತುದಿ ಎದ್ದು, ಸೇನಾಪತಿ ‘ಪ್ರಭು’ ಎಂದಾಗಲೆಲ್ಲ ಬೀಸಣಿಗೆಯಾಡಿದಂತೆ ಗಾಳಿ ಹಾಕುತ್ತಿರುತ್ತದೆ. ಆಗ ಎದುರಿಗಿರುವವನು ಮೀಸೆಯನ್ನು ಬಿಟ್ಟು ಬೇರೆಲ್ಲಿ ನೋಡಿದರೂ ಸರಿ.

ಬ್ಲ್ಯಾಕ್‌ಔಟಿನಲ್ಲಿ ಮಂಚ ಎತ್ತಿಡುವವರಿಗೂ ಒಂದು ಮಾತು. ಕಣ್ಣು ಕತ್ತಲಿಗೆ ಪೂರ್ತಿ ಹೊಂದಿಕೊಳ್ಳಲು 20 ನಿಮಿಷಕ್ಕಿಂತ ಹೆಚ್ಚು ಬೇಕು, ನಿರ್ದೇಶಕರು ಕೊಡುವುದು ಹತ್ತು ಸೆಕೆಂಡು. ದೀಪ ಆರುವ ಮುಂಚೆ ವಿಂಗಿನಲ್ಲಿ ಒಂದು ಕಣ್ಣು ಮುಚ್ಚಿ ನಿಂತರೆ ಅಷ್ಟಿಷ್ಟು ಉಪಕಾರವಾದೀತು. ಮಂಚದ ಕಾಲಿನ ಜಾಗಕ್ಕೆ ಕತ್ತಲಲ್ಲಿ ಹೊಳೆಯುವ ಟೇಪು ಅಂಟಿಸಿದ್ದರೆ ಇನ್ನೂ ಒಳ್ಳೆಯದು. ಇಲ್ಲದಿದ್ದರೆ ದೀಪ ಬಂದಾಗ ಮಂಚ ನದಿಯ ನಡುವೆ ಇರುತ್ತದೆ, ಎತ್ತಿದವನೊಬ್ಬ ಅದರ ಪಕ್ಕದಲ್ಲೇ ಮರವಾಗಿ ನಿಂತಿರುತ್ತಾನೆ.

ಇನ್ನು ನಗು. ಮೂರನೇ ವಾರದ ಹೊತ್ತಿಗೆ ತಂಡದಲ್ಲಿ ಯಾರಿಗೂ ಯಾವ ಜೋಕಿಗೂ ನಗು ಬರುವುದಿಲ್ಲ, ಆದ್ದರಿಂದ ಅಲ್ಲಿ ನಿಲ್ಲುವ ಅಭ್ಯಾಸವೇ ಆಗಿರುವುದಿಲ್ಲ. ಶೋ ದಿನ ಜನ ನಗುತ್ತಾರೆ, ಮುಂದಿನ ಮೂರು ಮಾತು ಆ ಗದ್ದಲದಲ್ಲಿ ಮುಳುಗುತ್ತವೆ. ನಗು ಪೂರ್ತಿ ನಿಲ್ಲುವವರೆಗೆ ಕಾಯಬಾರದು. ಏರಿ, ಇಳಿಯತೊಡಗಿದಾಗ ಮಾತು ಹಿಡಿಯಬೇಕು. ಮಾರನೇ ದಿನ ಅದೇ ಜಾಗದಲ್ಲಿ ನಗುವಿಗೆಂದು ನಿಂತರೆ, ಒಬ್ಬರೂ ನಗುವುದಿಲ್ಲ. ಪ್ರಾಂಪ್ಟರ್ ಮಾತ್ರ ಎಚ್ಚೆತ್ತು ಸಾಲು ಊದುತ್ತಾನೆ.

ಇಷ್ಟೆಲ್ಲ ಗದರುವ ನಿರ್ದೇಶಕರೂ ಒಂದನ್ನು ಮಾತ್ರ ‘ಶೋ ದಿನ ನೋಡ್ಕೊಳ್ಳೋಣ’ ಎಂದು ಬಿಟ್ಟಿರುತ್ತಾರೆ: ಕೊನೆಯ ನಮಸ್ಕಾರ. ಪರದೆ ಬೀಳುವ ಗೆರೆ ಎಲ್ಲಿದೆ ಎಂದು ಯಾರಿಗೂ ತೋರಿಸಿರುವುದಿಲ್ಲ. ಹನ್ನೊಂದು ಜನ ಹನ್ನೊಂದು ತಾಳದಲ್ಲಿ ಬಾಗುತ್ತಾರೆ, ಪರದೆ ಬರುತ್ತದೆ. ಹತ್ತು ಮಂದಿ ಒಳಗೆ, ಗೆರೆಯಿಂದ ಒಂದು ಹೆಜ್ಜೆ ಮುಂದೆ ನಿಂತಿದ್ದ ಸೇನಾಪತಿ ಹೊರಗೆ. ಅವನು ಇನ್ನೊಮ್ಮೆ ಕೈಮುಗಿದು, ಹಿಂದಕ್ಕೆ ತಿರುಗಿ, ಪರದೆಯ ಸೀಳು ಎಲ್ಲಿದೆಯೆಂದು ಎರಡೂ ಕೈಯಿಂದ ತಡವತೊಡಗುತ್ತಾನೆ.