ಬೋಟಿನ ಸ್ವಿಚ್ ಬೋರ್ಡನ್ನು ಒಮ್ಮೆ ತಿರುಗಿಸಿ ನೋಡಿ

ಜುಲೈ ಕೊನೆಯ ವಾರ ಮಲ್ಪೆ ದಕ್ಕೆಯಲ್ಲಿ (ಬೋಟು ಕಟ್ಟುವ ಕಟ್ಟೆಯಲ್ಲಿ) ಯಾರಿಗೂ ಪುರುಸೊತ್ತು ಇರುವುದಿಲ್ಲ. ಜೂನ್ 1ರಿಂದ ಜುಲೈ 31ರ ತನಕ 61 ದಿನ ಮೀನುಗಾರಿಕೆಗೆ ರಜೆ, ಆಗಸ್ಟ್ ಬಂತೆಂದರೆ ಕಡಲಿಗೆ ಹೊರಡಬೇಕು. ಒಂದು ಕಡೆ ಬಲೆ, ಒಂದು ಕಡೆ ಪೈಂಟು, ಇನ್ನೊಂದು ಕಡೆ ಇಂಜಿನ್ ಬಿಚ್ಚಿಟ್ಟು ಕೂತವರು. ವಯರಿಂಗ್ ನೆನಪಾಗುವುದು ಎಲ್ಲಕ್ಕಿಂತ ಕೊನೆಗೆ. ಅಲ್ಲಿಯವರೆಗೆ ವಯರಿಂಗ್ ಮಾಡುವ ನನಗೆ ಫೋನ್ ಇಲ್ಲ, ಆಮೇಲೆ ಊಟಕ್ಕೂ ಬಿಡುವುದಿಲ್ಲ.

ಹಾಗೆ ಒಂದು ಟ್ರಾಲ್ (ಬಲೆ ಎಳೆಯುವ) ಬೋಟಿಗೆ ಹೋಗಿದ್ದೆ. ಮಾಲೀಕರು ಕ್ಯಾಬಿನ್‌ನಲ್ಲಿ ಹೊಸ ಬೋರ್ಡು ಹಾಕಿಸಿದ್ದರು. ಬಿಳಿ ಶೀಟು, ಹನ್ನೆರಡು ಮಾಡ್ಯುಲರ್ ಸ್ವಿಚ್, ಪ್ರತಿಯೊಂದಕ್ಕೂ ಸಣ್ಣ ಇಂಡಿಕೇಟರ್. ಹೊಸ ಮನೆಯ ಹಾಲ್‌ನಲ್ಲಿ ಇರುವ ಹಾಗೆಯೇ ಇತ್ತು. "ಹೇಗುಂಟು ಅಣ್ಣ?" ಅಂದರು. "ಚಂದ ಉಂಟು, ಹಿಂಬದಿ ತೋರಿಸಿ ಮಾರಾಯ್ರೆ" ಅಂದೆ. ಮುಖ ಸಣ್ಣ ಮಾಡಿಕೊಂಡರು. ಮತ್ತೆ ಒಂದು ದೂರು ಹೇಳಿದರು: ಹನ್ನೆರಡರಲ್ಲಿ ಒಂದು ಇಂಡಿಕೇಟರೂ ಉರಿಯುವುದಿಲ್ಲ, ಎಲ್ಲಾ ಡಿಫೆಕ್ಟ್ ಪೀಸು, ಅಂಗಡಿಯವ ವಾಪಸ್ ತೆಗೆದುಕೊಳ್ಳುವುದಿಲ್ಲವಂತೆ.

ಪೀಸು ಸರಿಯಾಗಿಯೇ ಇತ್ತು. ಆ ಇಂಡಿಕೇಟರ್ ಒಳಗೆ ಇರುವುದು ನಿಯಾನ್. ಅದು ಹೊತ್ತಿಕೊಳ್ಳಲು ಸುಮಾರು 90 ವೋಲ್ಟ್ ಬೇಕು. ಬೋಟಿನ ಬ್ಯಾಟರಿಯಲ್ಲಿ ಇರುವುದು 24. ಈ ಜನ್ಮದಲ್ಲಿ ಉರಿಯುವುದಿಲ್ಲ. ನಾನಂತೂ ಅದನ್ನು ಒಳ್ಳೆಯ ಎಚ್ಚರಿಕೆ ಅಂತಲೇ ಹೇಳುತ್ತೇನೆ, ಸ್ವಿಚ್ಚೇ ಬಾಯಿಬಿಟ್ಟು "ನಾನು ಇಲ್ಲಿಯವನಲ್ಲ" ಅಂದ ಹಾಗೆ.

ಮನೆಯ ಸ್ವಿಚ್ ಯಾಕೆ ಆಗುವುದಿಲ್ಲ ಅಂತ ಎಲ್ಲರೂ ಕೇಳುತ್ತಾರೆ. 240 ವೋಲ್ಟ್ ತಡೆಯುವುದು 24 ತಡೆಯುವುದಿಲ್ಲವಾ ಅಂತ. ಮನೆಯ ಎಸಿ ಕರೆಂಟು ಸೆಕೆಂಡಿಗೆ 100 ಸಲ ಸೊನ್ನೆಗೆ ಬಂದು ಹೋಗುತ್ತದೆ. ಆಫ್ ಮಾಡುವಾಗ ಒಳಗೆ ಏಳುವ ಕಿಡಿ ಆ ಸೊನ್ನೆಯಲ್ಲಿ ತಾನಾಗಿ ಸಾಯುತ್ತದೆ. ಬ್ಯಾಟರಿಯ ಡಿಸಿ ಕರೆಂಟಿಗೆ ಸೊನ್ನೆಯೇ ಇಲ್ಲ. ಕಿಡಿ ಎಳೆದುಕೊಂಡೇ ಇರುತ್ತದೆ, ಕಾಂಟ್ಯಾಕ್ಟ್ ತಿನ್ನುತ್ತದೆ. ಪಂಪ್, ಫ್ಯಾನ್ ಥರದ ಮೋಟಾರ್ ಇದ್ದರಂತೂ ಇನ್ನೂ ಜಾಸ್ತಿ. ಅದಕ್ಕೇ ಒಳ್ಳೆಯ ಸ್ವಿಚ್‌ನ ಮೈಮೇಲೆ ಎಸಿಗೆ ಇಷ್ಟು, ಡಿಸಿಗೆ ಇಷ್ಟು ಅಂತ ಬೇರೆ ಬೇರೆ ಬರೆದಿರುತ್ತಾರೆ. ಡಿಸಿ ಲೆಕ್ಕ ಬರೆದೇ ಇಲ್ಲ ಅಂದರೆ ಅಲ್ಲೇ ಇಟ್ಟು ಬನ್ನಿ.

ಇನ್ನೊಂದು ವಿಷಯ ಆಂಪ್ಸ್, ಅಂದರೆ ಎಷ್ಟು ಕರೆಂಟು ಹರಿಯುತ್ತದೆ ಅನ್ನುವುದು. ಡೆಕ್ಕಿಗೆ 100 ವ್ಯಾಟಿನ ನಾಲ್ಕು ಲೈಟು ಅಂತ ಇಟ್ಟುಕೊಳ್ಳಿ. ಮನೆಯಲ್ಲಿ ಅದಕ್ಕೆ ಎರಡು ಆಂಪ್ಸ್ ಕೂಡ ಬೇಡ. 24 ವೋಲ್ಟಿನಲ್ಲಿ ಅದೇ 400 ವ್ಯಾಟಿಗೆ ಹತ್ತಿರ ಹತ್ತಿರ 17 ಆಂಪ್ಸ್. 6 ಆಂಪ್ಸ್‌ನ ಸ್ವಿಚ್ ಮೇಲೆ ಇದನ್ನು ಹೊರಿಸಿದರೆ ಮೊದಲು ಬಿಸಿ, ಆಮೇಲೆ ಹಳದಿ, ಆಮೇಲೆ ವಾಸನೆ. ಅಷ್ಟು ದೊಡ್ಡ ಲೋಡ್ ಇದ್ದರೆ ರಿಲೇ ಹಾಕಿಬಿಡಿ, ಸ್ವಿಚ್ ರಿಲೇಯನ್ನು ಎಬ್ಬಿಸಿದರೆ ಸಾಕು, ದೊಡ್ಡ ಕರೆಂಟನ್ನು ರಿಲೇ ಹೊರುತ್ತದೆ.

ಸರಿ, ಬೋಟಿಗೆ ಅಂತಲೇ ಮಾಡಿದ ಸ್ವಿಚ್ ತಂದಿರಿ. ಪ್ಯಾಕೆಟ್ ಮೇಲೆ ಐಪಿ 67 ಅಂತ ದೊಡ್ಡದಾಗಿ ಬರೆದಿರುತ್ತದೆ. ಧೂಳು ಒಳಗೆ ಹೋಗುವುದಿಲ್ಲ, ಒಂದು ಮೀಟರ್ ನೀರಿನಲ್ಲಿ ಅರ್ಧ ಗಂಟೆ ಮುಳುಗಿದರೂ ನೀರು ಒಳಗೆ ಹೋಗುವುದಿಲ್ಲ ಅಂತ ಅದರ ಅರ್ಥ. ಆದರೆ ಜಾಸ್ತಿ ರಾಕರ್ (ಒಂದು ಬದಿ ಒತ್ತಿದರೆ ಇನ್ನೊಂದು ಬದಿ ಏಳುವ) ಸ್ವಿಚ್‌ಗಳಲ್ಲಿ ಈ ಮಾತು ಮುಂಭಾಗಕ್ಕೆ ಮಾತ್ರ. ಹಿಂದಿನ ಟರ್ಮಿನಲ್ ಪೂರ್ತಿ ಬರಿ ಮೈ. ಉಪ್ಪುಗಾಳಿಗೆ ಮುಂದೆ ಯಾವುದು, ಹಿಂದೆ ಯಾವುದು ಅಂತ ಗೊತ್ತಿರುತ್ತದಾ? ಅದಕ್ಕೇ ನಾನು ಎಲ್ಲಿ ಹೋದರೂ ಹಿಂಬದಿ ತೋರಿಸಿ ಅನ್ನುವುದು. ಸ್ವಿಚ್ ಹಾಳಾಗಿದೆ ಅಂತ ಕರೆದ ಕಡೆಯಲ್ಲೆಲ್ಲ ನಾನು ಜಾಸ್ತಿ ನೋಡಿದ್ದು ಹಾಳಾದ ಸ್ವಿಚ್ ಅಲ್ಲ, ಅದರ ಬಾಲಕ್ಕೆ ಸಿಕ್ಕಿಸಿದ ವಯರಿನ ತುದಿಯಲ್ಲಿ ಹಸಿರು ಕಿಲುಬು.

ಆವತ್ತೂ ಅದೇ. ಆರು ಸ್ಕ್ರೂ ಬಿಚ್ಚಿದೆ. ಮನೆಗೆ ಹಾಕುವ ಮಾಮೂಲಿ ತಾಮ್ರದ ವಯರು, ಕೈಯಲ್ಲಿ ತಿರುಚಿ ಟೇಪ್ ಸುತ್ತಿದ ಜಾಯಿಂಟುಗಳು, ಒಂದೇ ಟರ್ಮಿನಲ್‌ಗೆ ತುರುಕಿದ ಮೂರು ತಂತಿ. ಹೊಸ ಬೋರ್ಡಿಗೆ ಹಳೇ ವಯರನ್ನೇ ಕತ್ತರಿಸಿ ಜೋಡಿಸಿದ್ದರು, ಸಿಪ್ಪೆ ಸುಲಿದರೆ ಒಳಗೆ ಒಂದು ಗೇಣು ದೂರ ಕಪ್ಪು. ಉಪ್ಪುನೀರು ಎಳೆಗಳ ನಡುವೆ ದೀಪದ ಬತ್ತಿ ಎಣ್ಣೆ ಎಳೆದ ಹಾಗೆ ಏರುತ್ತದೆ. ಅದಕ್ಕೆ ತವರ ಬಳಿದ ತಾಮ್ರದ ವಯರು ಬೇಕು. ಬೆಲೆ ಜಾಸ್ತಿ, ಒಪ್ಪುತ್ತೇನೆ. ತುದಿಗೆ ಸರಿಯಾದ ಅಳತೆಯ ಲಗ್ (ಲೋಹದ ತುದಿ) ಹಾಕಿ ಒತ್ತಿ ಪಂಚ್ ಮಾಡಬೇಕು, ಅದರ ಮೇಲೆ ಒಳಗೆ ಗಮ್ ಇರುವ ಹೀಟ್ ಶ್ರಿಂಕ್ ಸ್ಲೀವ್. ಬರೀ ಬೆಸುಗೆ ಹಾಕಿ ಬಿಡಬೇಡಿ, ಬೆಸುಗೆ ಮುಗಿಯುವ ಜಾಗದಲ್ಲಿ ತಂತಿ ಗಡುಸಾಗಿ ಇಂಜಿನ್ ನಡುಕಕ್ಕೆ ಮುರಿಯುತ್ತದೆ. ಮತ್ತೆ, ವಯರನ್ನು ಟರ್ಮಿನಲ್‌ಗಿಂತ ಕೆಳಗೆ ಇಳಿಸಿ ಒಂದು ಬಳುಕು ಕೊಟ್ಟು ಮೇಲೆ ತನ್ನಿ, ಇಳಿದು ಬಂದ ನೀರು ಆ ಬಳುಕಿನಲ್ಲೇ ತೊಟ್ಟಿಕ್ಕಿ ಹೋಗಲಿ.

ಇಲ್ಲಿ ನನ್ನದೇ ಒಂದು ತಪ್ಪು ಹೇಳಬೇಕು. ಕೆಲಸಕ್ಕೆ ಸೇರಿದ ಹೊಸತರಲ್ಲಿ ನಾನು ಬಹಳ ಬುದ್ಧಿವಂತ ಅಂತ ತಿಳಿದು ಒಂದು ಬೋರ್ಡಿನ ಹಿಂಬದಿಗೆ ಪೂರ್ತಿ ಸಿಲಿಕಾನ್ ಮೆತ್ತಿಬಿಟ್ಟೆ. ನೀರು ಹೇಗೆ ಬರುತ್ತದೆ ನೋಡೋಣ ಅಂತ. ಮುಂದಿನ ರಜೆಯಲ್ಲಿ ಕಿತ್ತು ನೋಡಿದರೆ ಟರ್ಮಿನಲ್ ಎಲ್ಲಾ ತಿಂದುಹೋಗಿದೆ. ವಿನೆಗರ್ ವಾಸನೆ ಬರುವ ಸಿಲಿಕಾನ್ ಒಣಗುವಾಗ ಬಿಡುವ ಆಮ್ಲ ತಾಮ್ರವನ್ನು ತಿನ್ನುತ್ತದೆ ಅಂತ ಆಗ ಗೊತ್ತಿರಲಿಲ್ಲ. ಈಗ ಟರ್ಮಿನಲ್ ಬಿಗಿ ಮಾಡಿದ ಮೇಲೆ ಹೊರಗಿನಿಂದ ತೆಳ್ಳಗೆ ವ್ಯಾಸಲಿನ್, ಅಷ್ಟೇ. ಸ್ವಿಚ್ ಒಳಗೆ ಎಣ್ಣೆ ಹೊಡೆಯುವುದೂ ಬೇಡ.

ಯಾವ ಆಕಾರದ ಸ್ವಿಚ್ ಅಂದರೆ, ನನಗೆ ಇಷ್ಟ ರಬ್ಬರ್ ಟೋಪಿ ಇರುವ ಟಾಗಲ್, ಸಣ್ಣ ಕಡ್ಡಿಯನ್ನು ಮೇಲೆ ಕೆಳಗೆ ಮಾಡುವುದು. ನೋಡಲು ಹಳೇ ಲಾರಿಯದ್ದರ ಹಾಗೆ ಇರುತ್ತದೆ ಅಂತ ಹುಡುಗರು ನಗುತ್ತಾರೆ. ಬೂತಾಯಿ ಮೀನಿನ ಎಣ್ಣೆ ಹತ್ತಿದ ಕೈ, ಅಲುಗಾಡುವ ಬೋಟು, ಕತ್ತಲೆ. ಮೇಲೆ ಇದ್ದರೆ ಆನ್, ಕೆಳಗೆ ಇದ್ದರೆ ಆಫ್ ಅಂತ ಬೆರಳಿಗೇ ಗೊತ್ತಾಗಬೇಕು. ಹೆಸರು ಬರೆಯುವ ಬದಲು ಚಿತ್ರ ಅಂಟಿಸಿ. ಕಲಾಸಿಗಳಲ್ಲಿ (ಬೋಟಿನ ಕೆಲಸದವರಲ್ಲಿ) ಒಡಿಶಾದವರು, ಆಂಧ್ರದವರು, ಜಾರ್ಖಂಡ್‌ನವರು ಎಲ್ಲಾ ಇರುತ್ತಾರೆ, ಕನ್ನಡದಲ್ಲಿ ಬರೆದರೆ ಯಾರು ಓದಬೇಕು?

ಮೇನ್ ಸ್ವಿಚ್ ಬಗ್ಗೆ ಎರಡು ಮಾತು. ಇಂಜಿನ್ ಓಡುತ್ತಿರುವಾಗ ಅದನ್ನು ಮುಟ್ಟಬೇಡಿ. ಬ್ಯಾಟರಿ ಚಾರ್ಜ್ ಮಾಡುವ ಆಲ್ಟರ್ನೇಟರ್‌ಗೆ ಬ್ಯಾಟರಿ ತಪ್ಪಿದ ತಕ್ಷಣ ವೋಲ್ಟೇಜ್ ಎಗರಿ ಅದರ ಡಯೋಡ್ ಸುಡುತ್ತದೆ, ಒಮ್ಮೊಮ್ಮೆ ಜೊತೆಗೆ ವಯರ್‌ಲೆಸ್ಸೂ ಹೋಗುತ್ತದೆ. ಬ್ಯಾಟರಿ ಪೆಟ್ಟಿಗೆಯ ಒಳಗೂ ಅದನ್ನು ಕೂರಿಸಬೇಡಿ. ಚಾರ್ಜ್ ಆಗುವಾಗ ಹೈಡ್ರೋಜನ್ ಬರುತ್ತದೆ, ಕಿಡಿ ತಾಗಿದರೆ ಕಥೆ ಬೇರೆ.

ಆದರೆ ಆವತ್ತು ನನಗೆ ನಿಜವಾಗಿ ಸಿಟ್ಟು ಬಂದದ್ದು ಪಂಪಿನ ವಯರ್ ನೋಡಿ. ತಳದಲ್ಲಿ ತುಂಬುವ ನೀರು ಎತ್ತುವ ಪಂಪು, ಫ್ಲೋಟ್ ಇರುವುದು, ನೀರು ಏರಿದರೆ ತಾನೇ ಆನ್ ಆಗಬೇಕು. ಅದನ್ನು ಮೇನ್ ಸ್ವಿಚ್‌ನ ಆಚೆಗೆ ಜೋಡಿಸಿದ್ದರು. ಅಂದರೆ ದಕ್ಕೆಯಲ್ಲಿ ಕಟ್ಟಿ ಮೇನ್ ಆಫ್ ಮಾಡಿ ಎಲ್ಲರೂ ಮನೆಗೆ ಹೋದ ರಾತ್ರಿ ಪಂಪೂ ಮಲಗುತ್ತದೆ. ಯಾರೂ ಇಲ್ಲದಾಗ ಓಡಲಿ ಅಂತ ತಾನೇ ಫ್ಲೋಟ್ ಇಟ್ಟದ್ದು! ಆಟೋ ಲೈನ್ ಬ್ಯಾಟರಿಯಿಂದ ನೇರ ಬರಬೇಕು, ಬ್ಯಾಟರಿಯ ಹತ್ತಿರವೇ ಒಂದು ಫ್ಯೂಸ್ ಇರಬೇಕು, ಕ್ಯಾಬಿನ್‌ನಲ್ಲಿ ಆಟೋ, ಆಫ್, ಮ್ಯಾನ್ಯುವಲ್ ಅಂತ ಮೂರು ಹಂತದ ಸ್ವಿಚ್. ಇದೊಂದು ವಿಷಯದಲ್ಲಿ ನಾನು ಮಾಲೀಕರ ಮಾತು ಕೇಳುವುದಿಲ್ಲ.

ಲೈಟಿಗೂ ಹೀಗೆ ಬುದ್ಧಿ ಬೇಕು. ಟ್ರಾಲ್ ಎಳೆಯುವಾಗ ಮೇಲೆ ಹಸಿರು, ಅದರ ಕೆಳಗೆ ಬಿಳಿ ಉರಿಯಬೇಕು, 1972ರ ಅಂತಾರಾಷ್ಟ್ರೀಯ ನಿಯಮ. ಬಲೆ ಎತ್ತಿ ವಾಪಸ್ ಬರುವಾಗ ಅದು ಇರಬಾರದು, ಮಾಸ್ಟಿನ ಬಿಳಿ, ಬದಿಯ ಕೆಂಪು ಹಸಿರು, ಹಿಂದಿನ ಬಿಳಿ ಇದ್ದು ಮಾಮೂಲಿ ಬೋಟಿನ ಹಾಗೆ ಕಾಣಬೇಕು. ಎಲ್ಲವನ್ನೂ ಒಂದೇ ಸ್ವಿಚ್‌ಗೆ ಕಟ್ಟಿದರೆ ಬೋಟು ನಡೆಸುವ ತಾಂಡೇಲ ಪಾಪ ಏನು ಮಾಡಬೇಕು? ಪಣಂಬೂರು ಬಂದರಿಗೆ ಹೋಗುವ ದೊಡ್ಡ ಹಡಗಿನವರು ನಮ್ಮ ಲೈಟು ನೋಡಿಯೇ ಬಲೆ ಉಂಟಾ ಇಲ್ಲವಾ ಅಂತ ತಿಳಿಯುವುದು.

ಮೇಂಟೆನೆನ್ಸ್ ದೊಡ್ಡ ವಿದ್ಯೆ ಏನಲ್ಲ. ರಜೆಯಲ್ಲಿ ಸುಮ್ನೆ ಬಿಟ್ಟ ಸ್ವಿಚ್ಚೇ ಬೇಗ ಹಾಳಾಗುವುದು, ವಾರಕ್ಕೊಮ್ಮೆ ಹತ್ತು ಸಲ ಆನ್ ಆಫ್ ಮಾಡಿದರೆ ಕಾಂಟ್ಯಾಕ್ಟ್ ತಾನೇ ಉಜ್ಜಿಕೊಳ್ಳುತ್ತದೆ. ಮಲ್ಟಿಮೀಟರ್‌ನಲ್ಲಿ ಬರೀ ಬೀಪ್ ಕೇಳಿ ಸರಿ ಉಂಟು ಅನ್ನಬೇಡಿ. ಲೋಡ್ ಓಡುತ್ತಿರುವಾಗ ಸ್ವಿಚ್‌ನ ಎರಡು ಕಾಲಿಗೆ ಪ್ರೋಬ್ ಇಟ್ಟು ವೋಲ್ಟ್ ನೋಡಿ, ಸೊನ್ನೆಯ ಹತ್ತಿರ ಇರಬೇಕು. 10 ಆಂಪ್ಸ್ ಹರಿಯುವಾಗ 1 ವೋಲ್ಟ್ ತೋರಿಸಿತು ಅಂದರೆ 10 ವ್ಯಾಟ್ ಅಲ್ಲೇ ಬಿಸಿಯಾಗುತ್ತಿದೆ ಅಂತ ಲೆಕ್ಕ. ನನ್ನ ಸೋಲ್ಡರಿಂಗ್ ಐರನ್ನೇ 25 ವ್ಯಾಟ್. ಪ್ಲಾಸ್ಟಿಕ್ ಬೋರ್ಡಿನ ಹಿಂದೆ ಅದರ ಅರ್ಧದ ಹತ್ತಿರದಷ್ಟನ್ನು ರಾತ್ರಿಯಿಡೀ ಉರಿಸಿಟ್ಟರೆ ಹೇಗಿರುತ್ತದೆ?

ಆ ಬೋಟಿನದ್ದು ಎಲ್ಲಾ ಕಿತ್ತು ಹೊಸದಾಗಿ ಮಾಡಿದೆವು, ಎರಡು ದಿನ ಹಿಡಿಯಿತು. ಮಾಲೀಕರು ಎಲ್ಲದಕ್ಕೂ ಹ್ಞೂಂ ಅಂದರು, ಟಾಗಲ್‌ಗೆ ಮಾತ್ರ ಒಪ್ಪಲಿಲ್ಲ. ನೀಲಿ ಲೈಟ್ ಇರುವ ರಾಕರೇ ಆಗಬೇಕು. 24 ವೋಲ್ಟಿನದ್ದೇ ಹುಡುಕಿ ತಂದು ಹಾಕಿದೆ, ಹನ್ನೆರಡೂ ಉರಿದವು, ಅವರಿಗೆ ಖುಷಿಯೋ ಖುಷಿ, ಫೋಟೋ ತೆಗೆದು ಸ್ಟೇಟಸ್‌ಗೆ ಹಾಕಿದರು.

ಮೊನ್ನೆ ಬೋಟು ದಕ್ಕೆಗೆ ಬಂದಾಗ ಹತ್ತಿ ನೋಡಿದೆ. ಹತ್ತು ಸ್ವಿಚ್ ಮೇಲೆ ಕರಿ ಟೇಪ್ ಅಂಟಿಸಿದೆ. ರಾತ್ರಿ ಆ ನೀಲಿ ಕಣ್ಣಿಗೆ ಹೊಡೆದು ಗ್ಲಾಸಿನ ಆಚೆ ಏನೂ ಕಾಣುವುದಿಲ್ಲ ಅಂದ ತಾಂಡೇಲ. ಮಾಲೀಕರಿಗೆ ಇನ್ನೂ ಗೊತ್ತಿಲ್ಲವಂತೆ.