ಗಿಟಾರು ಜನಪದಕ್ಕೆ ಶಿಷ್ಯನಾದರೆ

ಜನಪದ ಹಾಡಿಗೆ ಹೊಸ ವಾದ್ಯ ಕೂಡಿಸುವ ವಿಷಯದಲ್ಲಿ ಜಿಂಬಾಬ್ವೆಯವರು ನಮಗಿಂತ ಮುಂದಿದ್ದಾರೆ. ಹರಾರೆಯಲ್ಲಿ ಸಂಸಾರ ಹೂಡಿರುವ ಶಿವಮೊಗ್ಗದ ಸಾಗರ ಸೀಮೆಯವನಾಗಿ ನಾನು ಇದನ್ನು ಹೊಟ್ಟೆಕಿಚ್ಚಿನಿಂದಲೇ ಹೇಳುತ್ತಿದ್ದೇನೆ. ಆ ಹೊಟ್ಟೆಕಿಚ್ಚಿಗೆ ಮುಖ್ಯ ಕಾರಣ ಮೊಕೂಂಬಾ ಎಂಬ ತಂಡ. ವಿಕ್ಟೋರಿಯಾ ಜಲಪಾತದ ಪಕ್ಕದ ಚಿನೊಟಿಂಬಾ ಬಡಾವಣೆಯಲ್ಲಿ ಬೆಳೆದ ಆರು ಜನರ ತಂಡವದು. ಗಿಟಾರು, ಬೇಸ್, ಕೀಬೋರ್ಡ್, ಡ್ರಮ್ಸ್ ಎಲ್ಲವೂ ಅವರಲ್ಲಿವೆ. ಕಾಂಗೋದ ರುಂಬಾ, ಅಮೆರಿಕದ ಫಂಕ್ ಎರಡೂ ಅವರಿಗೆ ಒಗ್ಗಿವೆ. ಆದರೂ ಗಾಯಕ ಮಥಾಯಸ್ ಮುಜಾಜಾ ದನಿ ಎತ್ತಿದ ಕೂಡಲೇ ಇದು ಜಾಂಬೆಜಿ ನದಿಯ ಕಣಿವೆಯ ಹಾಡು ಎಂಬುದರಲ್ಲಿ ಸಂಶಯವೇ ಉಳಿಯುವುದಿಲ್ಲ.

ಇದಕ್ಕೆ ಈ ನೆಲದಲ್ಲಿ ಹಳೆಯ ಅಡಿಪಾಯವಿದೆ. 1970ರ ದಶಕದಲ್ಲಿ ಗಾಯಕ ಥಾಮಸ್ ಮಾಪ್ಫುಮೊ ಮತ್ತು ಸಂಗಡಿಗರು ಶೋನಾ ಜನರ ಎಂಬಿರಾ ವಾದ್ಯದ ನಡೆಯನ್ನು ಎಲೆಕ್ಟ್ರಿಕ್ ಗಿಟಾರಿಗೆ ಇಳಿಸಿದರು. ಮರದ ಹಲಗೆಯ ಮೇಲೆ ಕೂರಿಸಿದ ಕಬ್ಬಿಣದ ಪಟ್ಟಿಗಳನ್ನು ಬೆರಳಿನಿಂದ ಮೀಟುವ ವಾದ್ಯ ಎಂಬಿರಾ. ಅದರ ಚುಟುಕಾದ ನಾದ ಬರಲೆಂದು ಜೋನಾ ಸಿಥೋಲೆಯಂಥ ಗಿಟಾರ್ ವಾದಕರು ತಂತಿಯನ್ನು ಅಂಗೈಯಿಂದ ಅದುಮಿ ನುಡಿಸಿದರು. ಸೋರೆಬುರುಡೆಯ ಗಿಲಕಿ ಹೋಶೋ ಹಿಡಿಯುತ್ತಿದ್ದ ಲಯ ಡ್ರಮ್ಮಿನ ಜೋಡಿತಾಳ ಹೈಹ್ಯಾಟ್‌ಗೆ ಬಂತು. ನಿಜವಾದ ಎಂಬಿರಾ ವೇದಿಕೆಗೆ ಬಂದದ್ದು ಆಮೇಲೆ. ಅಂದರೆ ಗಿಟಾರೇ ಮೊದಲು ಶಿಷ್ಯನಾಗಿ ಕುಳಿತಿತು. ಜನರ ಮಾತಿನಲ್ಲಿ, ಜನರ ಲಯದಲ್ಲಿ ಹೊರಟ ಆ ಹಾಡಿಗೆ ಆಗಿನ ಬಿಳಿಯರ ಸರ್ಕಾರ ಹೆದರಿತು. ಮಾಪ್ಫುಮೊ ಅವರನ್ನು ಸೆರೆಯಲ್ಲಿಟ್ಟಿತು.

ಮೊಕೂಂಬಾದವರು ಆ ದಾರಿಯನ್ನು ಇನ್ನೂ ದೂರ ಒಯ್ದಿದ್ದಾರೆ. ಅವರು ಹೆಚ್ಚಾಗಿ ಹಾಡುವುದು ಟೋಂಗಾ ಭಾಷೆಯಲ್ಲಿ. ಶೋನಾ, ಎನ್‌ಡೆಬೆಲೆಗಳ ನಡುವೆ ಅದು ಸಣ್ಣ ಭಾಷೆ. 2013ರ ಸಂವಿಧಾನ ಹದಿನಾರು ಭಾಷೆಗಳಿಗೆ ಮನ್ನಣೆ ಕೊಟ್ಟಾಗ ಅದಕ್ಕೂ ಜಾಗ ಸಿಕ್ಕಿತು. ಅದಕ್ಕೂ ಮೊದಲೇ, 2012ರಲ್ಲಿ, ಐವರಿ ಕೋಸ್ಟಿನ ಬೇಸ್ ವಾದಕಿ ಮನು ಗಾಲೊ ನಿರ್ಮಿಸಿದ ಆಲ್ಬಂ ಇವರನ್ನು ಯುರೋಪಿನ ವೇದಿಕೆಗಳಿಗೆ ಕರೆದೊಯ್ದಿತ್ತು. ಭಾಷೆ ತಿಳಿಯದವರ ಮುಂದೆ ಭಾಷೆ ಬದಲಿಸಿಕೊಳ್ಳದೆ ಹಾಡಿ ಗೆದ್ದರಲ್ಲ, ಆ ಧೈರ್ಯ ನನಗೆ ದೊಡ್ಡದು.

ಅದಕ್ಕಿಂತ ದೊಡ್ಡದು ಅವರು ಆರಿಸಿಕೊಂಡ ವಸ್ತು. 1950ರ ದಶಕದ ಕೊನೆಯಲ್ಲಿ ಜಾಂಬೆಜಿಗೆ ಅಡ್ಡಲಾಗಿ ಕರೀಬಾ ಅಣೆಕಟ್ಟು ಎದ್ದಿತು. ನದಿಯ ಎರಡೂ ದಡಗಳಿಂದ ಸುಮಾರು 57,000 ಟೋಂಗಾ ಜನರನ್ನು ಎಬ್ಬಿಸಿದರು. ನದಿದೇವತೆ ನ್ಯಾಮಿನ್ಯಾಮಿ ಮುನಿದಿದ್ದರಿಂದಲೇ 1957 ಮತ್ತು 1958ರ ಮಹಾಪ್ರವಾಹಗಳು ಕಾಮಗಾರಿಯನ್ನು ಕೊಚ್ಚಿಕೊಂಡು ಹೋದವು ಎಂದು ಜನ ಇಂದಿಗೂ ಹೇಳುತ್ತಾರೆ. ಅಣೆಕಟ್ಟು ನಿಂತಿತು, ವಿದ್ಯುತ್ತು ನಗರಗಳಿಗೂ ಗಣಿಗಳಿಗೂ ಹರಿಯಿತು. ಹೊಳೆಯ ದಂಡೆಯಲ್ಲಿ ಬದುಕಿದ್ದವರು ಬಿಂಗಾದಂಥ ಒಣಸೀಮೆಯಲ್ಲಿ ಮತ್ತೆ ಬೇರು ಬಿಡಬೇಕಾಯಿತು. 2017ರ ಆಲ್ಬಮ್ಮಿನಲ್ಲಿ ಮೊಕೂಂಬಾ ಆ ಕಳೆದುಹೋದ ನೆಲದ ದುಃಖವನ್ನು ಹಾಡಿತು. ಅಜ್ಜಂದಿರ ಕಾಲದ ಸಂಕಟ ಮೊಮ್ಮಕ್ಕಳ ಬಾಯಲ್ಲಿ ಹೊಸ ಹಾಡಾಯಿತು.

ಶರಾವತಿ ದಂಡೆಯವನಿಗೆ ಇದನ್ನು ಕೇಳಿ ಸುಮ್ಮನಿರಲು ಹೇಗೆ ಸಾಧ್ಯ? ಲಿಂಗನಮಕ್ಕಿ ಅಣೆಕಟ್ಟು ಮುಗಿದದ್ದು 1964ರಲ್ಲಿ. ನಮ್ಮಜ್ಜಿಯ ತವರು ನೀರಿನಡಿಗೆ ಹೋಯಿತು. ನಾಡಿಗೆಲ್ಲ ಬೆಳಕು ಕೊಟ್ಟ ಕಣಿವೆಯ ಹಿನ್ನೀರಿನಾಚೆಯ ತುಮರಿಯ ಜನ, ಸೇತುವೆ ಉದ್ಘಾಟನೆಯಾದ 2025ರ ಜುಲೈವರೆಗೆ ಲಾಂಚಿಗಾಗಿ ಕಾದರು. ನಾ. ಡಿಸೋಜ ಅವರು ಈ ಮುಳುಗಡೆಯನ್ನು ಕಾದಂಬರಿಗಳಲ್ಲಿ ಬರೆದರು, ಅವರಿಗೆ ನಾವು ಋಣಿಗಳು. ಆದರೆ ನಮ್ಮ ಯಾವ ಬ್ಯಾಂಡಿನ ಬಾಯಲ್ಲೂ ನಾನು ಈ ದುಃಖವನ್ನು ಕೇಳಿಲ್ಲ.

ನಮ್ಮಲ್ಲಿ ಪ್ರತಿಭೆಗೆ ಕೊರತೆಯಿಲ್ಲ. ರಘು ದೀಕ್ಷಿತ್ ಶಿಶುನಾಳ ಶರೀಫರ ಪದಗಳನ್ನು ಬ್ರಿಟನ್ನಿಗೆ ಒಯ್ದರು. 2011ರಲ್ಲಿ ಅಲ್ಲಿಯ ಸಾಂಗ್‌ಲೈನ್ಸ್ ಪತ್ರಿಕೆ ಅವರಿಗೆ ಹೊಸ ಕಲಾವಿದರ ಪ್ರಶಸ್ತಿ ಕೊಟ್ಟಿತು. ಎರಡು ವರ್ಷದ ಬಳಿಕ ಅದೇ ಪ್ರಶಸ್ತಿ ಮೊಕೂಂಬಾಕ್ಕೆ ಬಂತು. ನನ್ನ ತಕರಾರಿರುವುದು ರಘು ದೀಕ್ಷಿತರ ಹಿಂದೆ ಹೊರಟ ಅನೇಕರ ರೀತಿಯ ಬಗ್ಗೆ. ಜನಪದ ಗೀತೆಯ ಎರಡು ನುಡಿ ತೆಗೆದುಕೊಂಡು, ಅದನ್ನು ಸಿದ್ಧ ತಾಳದ ಅಚ್ಚಿಗೆ ಸುರಿದು, ನಡುವೆ ಅರೆನಿಮಿಷ ಡೊಳ್ಳು ಬಡಿಸಿದರೆ ಬೆಸುಗೆ ಆಗುವುದಿಲ್ಲ. ನೀಲಗಾರರ ಮಂಟೇಸ್ವಾಮಿ ಕಥೆಯನ್ನೇ ನೋಡಿ. ಮುಂದಿನವರು ಕಥೆ ಎತ್ತುತ್ತಾರೆ, ಹಿಮ್ಮೇಳದವರು ‘ಸಿದ್ಧಯ್ಯ ಸ್ವಾಮಿ ಬನ್ನಿ’ ಎಂದು ಸೊಲ್ಲು ಹಿಡಿಯುತ್ತಾರೆ. ಆ ಸೊಲ್ಲಿನ ಮೇಲೆಯೇ ರಾತ್ರಿಯಿಡೀ ಕಥೆ ನಿಲ್ಲುತ್ತದೆ. ಹೊಸಬರು ಮೊದಲು ಕತ್ತರಿ ಹಾಕುವುದೇ ಹಿಮ್ಮೇಳಕ್ಕೆ. ತಂಬೂರಿ, ದಮ್ಮಡಿ, ಗಗ್ಗರಗಳ ಲೆಕ್ಕಾಚಾರವನ್ನು ಗಿಟಾರು ಕಲಿಯುವ ಬದಲು, ಗಿಟಾರಿನ ಲೆಕ್ಕಕ್ಕೆ ನೀಲಗಾರರು ಮೊಟಕಾಗುತ್ತಾರೆ.

ಹೊರನಾಡಿನ ನಮ್ಮ ಸಂಘಗಳದ್ದೂ ಇದರಲ್ಲಿ ಪಾಲಿದೆ. ರಾಜ್ಯೋತ್ಸವಕ್ಕೆ ಸಿನಿಮಾ ಗಾಯಕರನ್ನು ಕರೆಸಲು ಹಣ ಕೂಡುತ್ತದೆ; ದೀಪಾವಳಿಯಲ್ಲಿ ದೀಪ ಹಿಡಿದು ಹಾಡುತ್ತ ಮನೆಮನೆಗೆ ಬರುವ ನಮ್ಮೂರಿನ ಅಂಟಿಗೆ-ಪಂಟಿಗೆಯವರ ಹೆಸರು ಸಭೆಯಲ್ಲಿ ಯಾರಿಗೂ ನೆನಪಾಗುವುದಿಲ್ಲ. ಒಂದು ವರ್ಷ ಆ ಹಣವನ್ನು ಬೇರೆಯಾಗಿ ಬಳಸೋಣ. ಬೆಂಗಳೂರಿನ ಮೂವರು ಯುವ ವಾದಕರನ್ನು ತುಮರಿಗೆ ಕಳಿಸಿ, ಆ ಹಾಡುಗಾರರ ಜೊತೆ ಒಂದು ಇಡೀ ಮಳೆಗಾಲ ಕೂರಿಸೋಣ. ಹಾಡುಗಾರರಿಗೆ ಗುರುಗಳಿಗೆ ಸಲ್ಲಬೇಕಾದ ಸಂಭಾವನೆ ಸಲ್ಲಲಿ, ಧ್ವನಿಮುದ್ರಣದಲ್ಲಿ ಅವರ ಹೆಸರು ಮೊದಲು ಬರಲಿ. ಯಾವ ಊರಿನ ಸಂಘ ಮುಂದೆ ಬಂದರೂ ನನ್ನ ಪಾಲನ್ನು ಹರಾರೆಯಿಂದ ಕಳಿಸುತ್ತೇನೆ.