ಮೇಲಿಂದ ನೋಡಿದ್ರೆ ಎಲ್ಲಾ ಹಸಿರೇ

ಭೀಮೆ ಉಕ್ಕಿದಳು, ಹಿಂದೆಯೇ ಹೆಲಿಕಾಪ್ಟರ್ ಬಂತು. ಮಹಾರಾಷ್ಟ್ರದ ಉಜನಿ ಅಣೆಕಟ್ಟಿನಿಂದ ನೀರು, ಬೆಂಗಳೂರಿನಿಂದ ವೈಮಾನಿಕ ಸಮೀಕ್ಷೆ, ಎರಡೂ ಕಲಬುರಗಿ ಜಿಲ್ಲೆಯ ನಮ್ಮ ಅಫಜಲಪುರ ಹಾದು ಹೋದವು. ನೀರು ಮಾತ್ರ ನಾಲ್ಕು ದಿನ ನಿಂತು, ನಮ್ಮನ್ನು ವಿಚಾರಿಸಿಕೊಂಡು ಹೋಯಿತು.

ಅಷ್ಟರಲ್ಲಿ ಗೆಳೆಯನೊಬ್ಬ ವಾಟ್ಸಾಪ್‌ನಲ್ಲಿ ಖುಷಿ ಸುದ್ದಿ ಕಳಿಸಿದ. ವಿಶ್ವ ಹವಾಮಾನ ಸಂಸ್ಥೆ 2021ರಲ್ಲಿ ಕೊಟ್ಟ ಲೆಕ್ಕವಂತೆ. 50 ವರ್ಷದಲ್ಲಿ ಮಳೆ, ಗಾಳಿ, ಬರದ ವಿಕೋಪಗಳು ಐದು ಪಟ್ಟು ಜಾಸ್ತಿಯಾಗಿವೆ, ಸಾವು ಮಾತ್ರ ಇಳಿದಿದೆ. 1970, 80ರ ದಶಕಗಳಲ್ಲಿ ದಿನಕ್ಕೆ ಸರಾಸರಿ 170 ಜನ ಸಾಯುತ್ತಿದ್ದರು, 2010ರ ದಶಕದಲ್ಲಿ 40. ಮುನ್ಸೂಚನೆ ಸುಧಾರಿಸಿದೆ. ಒಳ್ಳೇದೇ, ಇದರಲ್ಲಿ ನಗೋದೇನಿಲ್ಲ. ಆ ಐದು ಪಟ್ಟಿನಲ್ಲೂ ಒಂದಷ್ಟು, ಜಗತ್ತು ಬರೆದಿಡೋದನ್ನು ಕಲಿತದ್ದರಿಂದ ಬಂದದ್ದು.

ಬರೆದಿಡೋಕೂ ನಿಯಮ ಇದೆ ನೋಡಿ. ಬೆಲ್ಜಿಯಂನಲ್ಲಿ ಜಗತ್ತಿನ ವಿಕೋಪಗಳ ಖಾತೆ ಇಡುವ ಇಎಂ-ಡ್ಯಾಟ್‌ನವರಿಗೆ 10 ಹೆಣ ಬೇಕು, ಇಲ್ಲಾ 100 ಜನ ಸಂತ್ರಸ್ತರು ಬೇಕು, ಅದೂ ಇಲ್ಲ ಅಂದ್ರೆ ಸರ್ಕಾರ ತುರ್ತು ಪರಿಸ್ಥಿತಿ ಸಾರಬೇಕು, ಇಲ್ಲಾ ಹೊರದೇಶದ ನೆರವು ಕೇಳಬೇಕು. 2021ರ ಅಕ್ಟೋಬರಿನಲ್ಲಿ ಚಿಂಚೋಳಿ ತಾಲ್ಲೂಕಿನ ಗಡಿಕೇಶ್ವಾರದಲ್ಲಿ ನೆಲ ಗುಡುಗಿತು, 4.1 ತೀವ್ರತೆ. ಜನ ಮನೆ ಬಿಟ್ಟು ಬಯಲಲ್ಲಿ ಮಲಗಿದರು. 1993ರ ಕಿಲ್ಲಾರಿ ಭೂಕಂಪ ನೆನಪಿದ್ದವರು ಗೋಡೆ ನಂಬೋದಾದರೂ ಹೇಗೆ? ನಿದ್ದೆಗೆಟ್ಟವರ ಕಾಲಂ ಯಾವ ಫಾರ್ಮಿನಲ್ಲೂ ಇಲ್ಲ.

ಬಿಸಿಲಿನ ವಿಷಯದಲ್ಲಿ ಮಾತ್ರ ಸರ್ಕಾರ ಬಲು ಸೂಕ್ಷ್ಮ. ಏಪ್ರಿಲ್ ಬಂತೆಂದರೆ ನಮ್ಮ ವಿಭಾಗದ ಕಚೇರಿಗಳು ಬೆಳಿಗ್ಗೆ 8ರಿಂದ 1.30ರವರೆಗೆ. ಸೂರ್ಯನಿಗೂ ಸುತ್ತೋಲೆಗೂ ಇಷ್ಟು ಹೊಂದಾಣಿಕೆ ಇನ್ನೆಲ್ಲಿದೆ ಹೇಳಿ! ಶಹಾಬಾದಿನ ಕಲ್ಲು ಗಣಿಗೆ ಆ ಸುತ್ತೋಲೆ ಇನ್ನೂ ತಲುಪಿಲ್ಲ, ಅಂಚೆ ತಡ ಇರಬೇಕು.

ಈಗ ತೊಗರಿಗೆ ಬರೋಣ. ಪರಿಹಾರ ಬೇಕಾದರೆ ಬೆಳೆ 33 ಪರ್ಸೆಂಟ್ ಹಾಳಾಗಿರಬೇಕು. ತೊಗರಿಗೆ ಈ ನಿಯಮ ಗೊತ್ತಿಲ್ಲ. ಮೂರು ದಿನ ನೀರಲ್ಲಿ ನಿಂತರೂ ಮೇಲೆ ಹಸಿರಾಗೇ ಇರುತ್ತದೆ. ಕಿತ್ತು ನೋಡಿದರೆ ಬೇರು ಕಪ್ಪು, ಸಿಪ್ಪೆ ಬೆರಳಿಗೇ ಅಂಟಿಕೊಂಡು ಬರುತ್ತದೆ, ಕೊಳೆತ ವಾಸನೆ. ಎಲೆ ಬಾಡೋದು ಆಮೇಲೆ. ಸಮೀಕ್ಷೆಗೆ ಬಂದವರು ಬದುವಿನ ಮೇಲೆ ನಿಂತು, "ಹಸಿರ ಅದಲ್ರೀ ಮತ್ತ" ಅಂದರು. ಹೌದ್ರೀ ಸಾಹೇಬ್ರ, ಹೆಣಕ್ಕೂ ಸ್ವಲ್ಪ ಹೊತ್ತು ಮೈ ಬೆಚ್ಚಗಿರ್ತದ.

ಪಾಸಾದರೆ ಎಷ್ಟು? ಕೇಂದ್ರದ 2022-26ರ ದರದಂತೆ ಮಳೆ ನಂಬಿದ ಬೆಳೆಗೆ ಹೆಕ್ಟೇರಿಗೆ 8,500, ಅದೂ ಎರಡೇ ಹೆಕ್ಟೇರಿಗೆ. ಐದು ಎಕರೆಗೆ 17,000. ಬೀಜ, ಗೊಬ್ಬರ, ಕೀಟಕ್ಕೆ ಹೊಡೆಯೋ ಎಣ್ಣೆ, ಕಳೆ ಕೂಲಿ... ಹೋಗಲಿ ಬಿಡಿ. ಸಾಕಾಗಿದೆ. ಪ್ರವಾಹದಲ್ಲಿ ಬದುಕಿ ಉಳಿದವರ ಲೆಕ್ಕಕ್ಕೆ ಸೇರಿದ ರೈತ ಮುಂದಿನ ಮಾರ್ಚ್‌ನಲ್ಲಿ ಸಾಲದ ನೋಟಿಸ್ ಓದಿ ಸತ್ತರೆ ಅದು ಪ್ರವಾಹದ ಸಾವಲ್ಲ, 'ವೈಯಕ್ತಿಕ ಕಾರಣ'. ಪಟ್ಟಿ ಸ್ವಚ್ಛ.

ಪಕ್ಕದ ಹೊಲದ ಕಾಕಾ ನಾಲ್ಕು ಗಿಡ ಬೇರುಸಮೇತ ಕಿತ್ತು, ಟವೆಲಿನಲ್ಲಿ ಸುತ್ತಿಕೊಂಡು ಕಚೇರಿಗೆ ಹೋದ. ಬೇರು ಬೇಡ, ಹೊಲದ ಫೋಟೊ ಬೇಕು ಅಂದರು. ವಾಪಸ್ ಬಂದು ನನ್ನ ಮೊಬೈಲಲ್ಲೇ ತೆಗೆಸಿಕೊಂಡ. ಫೋಟೊ ಚೆನ್ನಾಗಿಯೇ ಬಂತು. ತೊಗರಿ ಹಚ್ಚಗಿತ್ತು.